ಸಾಹಸಕ್ಕೆ ಅವರವರದೇ ಅಳತೆಗೋಲು

ಬೇಸಿಗೆಯ ರಜೆ ಸಮೀಪಿಸಿತೆಂದರೆ ಭಾನುವಾರದ ಬಲಿಪೂಜೆಯ ನಂತರ ದೇವಾಲಯದ ಅಂಗಳದಲ್ಲಿ ನಡೆಯುವ ಮಾತುಕತೆಯ ಧಾಟಿಯೇ ಬದಲಾಗುತ್ತದೆ. ಮಳೆ, ಪರೀಕ್ಷೆ, ಕಬ್ಬಿನ ದರ ಮೊದಲಾದ ವಿಷಯಗಳು ಹಿಂದೆ ಸರಿದು ಪ್ರವಾಸದ ವಿಚಾರ ಮುಂದೆ ಬರುತ್ತದೆ. ಈ ವರ್ಷವೂ ಹಾಗೆಯೇ ಆಯಿತು. ಒಬ್ಬರ ಮಕ್ಕಳು ಮೋಟಾರು ಸೈಕಲ್ಲಿನಲ್ಲಿ ಲಡಾಖಿಗೆ ಹೊರಡುವವರಿದ್ದರು. ಇನ್ನೊಂದು ಕುಟುಂಬ ದುಬೈಗೆ ಟಿಕೆಟು ಕಾಯ್ದಿರಿಸಿತ್ತು. ಮತ್ತೊಬ್ಬರು ವೇಲಾಂಕಣಿಗೆ ವ್ಯಾನು ಗೊತ್ತುಮಾಡಿದ್ದರು. ಇವರೆಲ್ಲರ ನಡುವೆ ನಿಂತಿದ್ದ, ಎಪ್ಪತ್ತರ ಸಮೀಪಕ್ಕೆ ಬಂದ ತಾಯಿಯೊಬ್ಬರು ಮೆಲ್ಲನೆ ನುಡಿದರು: "ಸ್ವಾಮಿ, ನಾನು ಒಬ್ಬಳೇ ಬಸ್ಸಲ್ಲಿ ಕಿಕ್ಕೇರಿಗೆ ಹೋಗಿ ಬರಬೇಕು ಅಂತ ಆಸೆ. ಮಗ ಬಿಡ್ತಾ ಇಲ್ಲ."

ಸುತ್ತಲಿದ್ದವರು ನಕ್ಕರು. ನಕ್ಕವರಲ್ಲಿ ನಾವೂ ಒಬ್ಬರೆಂದು ಒಪ್ಪಿಕೊಳ್ಳಬೇಕು. ಮಗನೂ ಅಲ್ಲಿಯೇ ಇದ್ದರು. "ಅಲ್ಲಿ ಏನಿದೆ ಸ್ವಾಮಿ ನೋಡೋಕೆ? ಬೇಕಾದ್ರೆ ಮುಂದಿನ ಭಾನುವಾರ ನಾನೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ" ಎಂದರು. ಅದಕ್ಕೆ ಆ ತಾಯಿ ಹೇಳಿದ ಮಾತು ನಮ್ಮನ್ನು ವಾರವಿಡೀ ಕಾಡಿತು: "ಕಾರಲ್ಲಿ ಹೋದ್ರೆ ನೀನು ಕರ್ಕೊಂಡು ಹೋದಂಗಾಯ್ತು ಕಣಪ್ಪ. ನಾನು ಹೋದಂಗಾಗಲ್ಲ."

ವಿಚಾರಿಸಿದಾಗ ತಿಳಿಯಿತು, ಆಕೆಯ ತಂದೆ ಬಹಳ ಹಿಂದೆ ಕಿಕ್ಕೇರಿಯಲ್ಲಿ ಉಪಾಧ್ಯಾಯರಾಗಿದ್ದರಂತೆ. ಆಕೆ ಅಕ್ಷರ ಕಲಿತದ್ದು ಅಲ್ಲಿ. ವಿವಾಹವಾದ ಮೇಲೆ ಒಮ್ಮೆಯೂ ಒಬ್ಬರೇ ಬಸ್ಸು ಹತ್ತಿದವರಲ್ಲ. ಮೊದಲು ಪತಿ ಜೊತೆಗಿದ್ದರು, ಆ ಬಳಿಕ ಮಗ. ಶ್ರೀರಂಗಪಟ್ಟಣದಿಂದ ಹೊರಟು, ಪಾಂಡವಪುರದಲ್ಲೊಮ್ಮೆ, ಕೃಷ್ಣರಾಜಪೇಟೆಯಲ್ಲೊಮ್ಮೆ ಬಸ್ಸು ಬದಲಿಸಿ, ಬೋರ್ಡು ಓದಿ, ಕಂಡಕ್ಟರನ್ನು ಕೇಳಿ, ತಾನೇ ಆ ಊರು ಮುಟ್ಟಬೇಕೆಂಬುದು ಆಕೆಯ ಬಯಕೆ. ಲಡಾಖಿಗೆ ಹೊರಟ ತರುಣರನ್ನು ನಾವೆಲ್ಲ ಸಾಹಸಿಗಳೆಂದು ಬೆನ್ನು ತಟ್ಟಿದೆವು. ಈ ತಾಯಿಯ ಬಯಕೆಯನ್ನು ವಯಸ್ಸಾದವರ ಹಟವೆಂದು ಬಗೆದೆವು. ನಾವು ಯಾವ ಅಳತೆಗೋಲಿನಿಂದ ಅಳೆದೆವು ಎಂಬುದನ್ನು ಪರಿಶೀಲಿಸಬೇಕಾಗಿದೆ.

ಸಾಹಸವನ್ನು ಕಿಲೋಮೀಟರುಗಳಲ್ಲಿ, ಶಿಖರದ ಎತ್ತರದಲ್ಲಿ, ತಗಲಿದ ವೆಚ್ಚದಲ್ಲಿ ಅಳೆಯುವುದು ಇಂದಿನ ರೂಢಿ. ಆದರೆ ಈ ಪ್ರಶ್ನೆಯನ್ನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಆಲೋಚಿಸಿದ್ದನು. ಅವನ ನೀತಿಶಾಸ್ತ್ರದಲ್ಲಿ ಧೈರ್ಯವೆಂಬುದು ಎರಡು ದೋಷಗಳ ನಡುವಣ ಗುಣ. ಒಂದು ಕಡೆ ಹೇಡಿತನ, ಇನ್ನೊಂದು ಕಡೆ ದುಡುಕು. ಆದರೆ ಆ ನಡುವಣ ಬಿಂದು ಎಲ್ಲರಿಗೂ ಒಂದೇ ಅಲ್ಲವೆಂದು ಅವನು ಎಚ್ಚರಿಸುತ್ತಾನೆ. ಅದಕ್ಕಾಗಿ ಮೈಲೋ ಎಂಬ ಜಟ್ಟಿಯ ಉದಾಹರಣೆಯನ್ನು ಕೊಡುತ್ತಾನೆ. ಮೈಲೋವಿಗೆ ಸಾಲದ ಊಟ ಹೊಸದಾಗಿ ಅಭ್ಯಾಸಕ್ಕೆ ಇಳಿದವನಿಗೆ ಅತಿಯಾದೀತು. ನಮ್ಮ ಸೀಮೆಯ ಗರಡಿಮನೆಯ ಉಸ್ತಾದರಿಗೂ ಇದು ತಿಳಿದ ವಿಷಯವೇ. ಮೊದಲ ದಿನ ಬಂದ ಹುಡುಗನ ಕೈಗೆ ಅವರು ದೊಡ್ಡ ಗದೆಯನ್ನು ಕೊಡುವುದಿಲ್ಲ.

ಹೀಗಿರುವಾಗ, ಪ್ರಯಾಣದಲ್ಲಿ ಸಾಹಸವೆಂದರೆ ತನಗೆ ಪರಿಚಿತವಾದ ಗಡಿಯಿಂದ ಒಂದು ಹೆಜ್ಜೆ ಆಚೆಗೆ, ಕಣ್ಣು ತೆರೆದುಕೊಂಡು, ಸ್ವಂತ ಇಚ್ಛೆಯಿಂದ ಇಡುವ ನಡೆ ಎಂಬುದು ನಮ್ಮ ಅಭಿಪ್ರಾಯ. ಆ ಗಡಿ ಒಬ್ಬೊಬ್ಬರಿಗೆ ಒಂದೊಂದು ಕಡೆ ಇರುತ್ತದೆ. ಪರ್ವತ ಹತ್ತಿ ಅಭ್ಯಾಸವಾದವನಿಗೆ ಇನ್ನೊಂದು ಪರ್ವತ ಕೇವಲ ವ್ಯಾಯಾಮವಾಗಬಹುದು. ಎಂದೂ ಒಬ್ಬಳೇ ಬಸ್ಸು ಹತ್ತದವಳಿಗೆ ಕೃಷ್ಣರಾಜಪೇಟೆಯ ಬಸ್ ನಿಲ್ದಾಣವೇ ಪರ್ವತವಾಗಬಹುದು.

'ಸ್ವಂತ ಇಚ್ಛೆಯಿಂದ' ಎಂಬ ಮಾತನ್ನು ಒತ್ತಿ ಹೇಳಲು ಕಾರಣವುಂಟು. 1784ರಲ್ಲಿ ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು, ಘಟ್ಟ ಹತ್ತಿಸಿ, ಇದೇ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬರಲಾಯಿತು. ದಾರಿಯಲ್ಲಿಯೇ ಅನೇಕರು ಪ್ರಾಣಬಿಟ್ಟರು. ಉಳಿದವರಿಗೆ 1799ರವರೆಗೆ ಬಿಡುಗಡೆ ದೊರೆಯಲಿಲ್ಲ. 2020ರ ಮಾರ್ಚಿನಲ್ಲಿ ದೇಶಕ್ಕೆ ಬೀಗ ಬಿದ್ದಾಗ ಲಕ್ಷಾಂತರ ಕೂಲಿಕಾರರು ಗಂಟುಮೂಟೆ ಹೊತ್ತು ನೂರಾರು ಮೈಲಿ ನಡೆದದ್ದನ್ನು ನಾವೇ ಕಂಡಿದ್ದೇವೆ. ಇಂತಹ ಪ್ರಯಾಣಗಳಲ್ಲಿ ತೋರಿದ ತಾಳ್ಮೆಗೆ ತಲೆಬಾಗಬೇಕು. ಆದರೆ ಅವುಗಳನ್ನು ಸಾಹಸವೆಂದು ಕರೆದರೆ ಆ ನೋವಿಗೆ ಅಪಚಾರವಾಗುತ್ತದೆ. ಮನೆಯಲ್ಲಿ ಉಳಿಯುವ ಸ್ವಾತಂತ್ರ್ಯವಿದ್ದೂ ಹೊರಡುವವನಿಗೆ ಮಾತ್ರ ಆ ಪದ ಸಲ್ಲುತ್ತದೆ.

ಈಗ ಎರಡು ದೋಷಗಳ ವಿಚಾರಕ್ಕೆ ಬರೋಣ. ಮೊದಲನೆಯದು ದುಡುಕು. ನಮ್ಮ ತಾಲ್ಲೂಕಿನಲ್ಲಿ ಇದಕ್ಕೆ ಹೆಸರುಗಳುಂಟು: ಬಲಮುರಿ, ಎಡಮುರಿ, ಸಂಗಮ. ಕಾವೇರಿ ಅಲ್ಲೆಲ್ಲ ಎಷ್ಟು ಸೌಮ್ಯವಾಗಿ ಕಾಣುತ್ತಾಳೆಂದರೆ ಮೊದಲ ಬಾರಿ ಬಂದವರಿಗೆ ಭಯವೇ ಹುಟ್ಟುವುದಿಲ್ಲ. ಆದರೆ ಪಾಚಿ ಕಟ್ಟಿದ ಬಂಡೆ ಕಾಲಿಗೆ ಆಧಾರ ಕೊಡುವುದಿಲ್ಲ. ನೀರಿನಡಿಯ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ಕಟ್ಟೆಯ ಕೆಳಗೆ ಸುಳಿಯುವ ನೀರು ಈಜು ಬಲ್ಲವನನ್ನೂ ಒಳಗೆಳೆಯುತ್ತದೆ. ಕನ್ನಂಬಾಡಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಹೊಳೆಯ ಮಟ್ಟ ಏರುತ್ತದೆ. ಪ್ರತಿವರ್ಷವೆಂಬಂತೆ ಅಲ್ಲಿ ತರುಣರ ಪ್ರಾಣಹಾನಿಯಾಗುತ್ತಿದೆ.

ಕೆಲವು ವರ್ಷಗಳ ಹಿಂದೆ ಹತ್ತೊಂಬತ್ತು ವರ್ಷದ ಹುಡುಗನೊಬ್ಬನ ಅಂತ್ಯಕ್ರಿಯೆಯನ್ನು ನಾವು ನೆರವೇರಿಸಬೇಕಾಯಿತು. ಬಾಲ್ಯದಲ್ಲಿ ಪೀಠಸೇವೆ ಮಾಡುತ್ತಿದ್ದವನು ಅವನು. ಈಜು ಬರುತ್ತಿರಲಿಲ್ಲ. ಗೆಳೆಯರು ನೀರಿನ ನಡುವಣ ಬಂಡೆಯ ಮೇಲೆ ನಿಂತು ಫೋಟೋ ತೆಗೆಯುತ್ತಿದ್ದರು. ತಾನೂ ಅಲ್ಲಿಗೆ ಹೋಗಬೇಕೆಂದು ಇಳಿದನು. ಮಣ್ಣು ಮಾಡಿದ ಬಳಿಕ ಅವನ ತಂದೆ ನಮ್ಮನ್ನು ಕೇಳಿದ್ದು ಒಂದೇ ಮಾತು: "ಅವನಿಗೆ ನೀರು ಕಂಡ್ರೆ ಭಯ ಸ್ವಾಮಿ. ಯಾಕೆ ಇಳಿದ?" ಅಂದು ನಮ್ಮ ಬಳಿ ಉತ್ತರವಿರಲಿಲ್ಲ. ಇಂದು ನಮಗೆ ತೋರುವುದೇನೆಂದರೆ, ಅವನು ತನ್ನ ಅಳತೆಗೋಲನ್ನು ಬದಿಗಿಟ್ಟು ಇತರರ ಅಳತೆಗೋಲನ್ನು ಹಿಡಿದನು. ಅವನ ಭಯ ಅವನಿಗೆ ಸರಿಯಾದುದನ್ನೇ ಹೇಳುತ್ತಿತ್ತು. ಆ ಭಯಕ್ಕೆ ಕಿವಿಗೊಡುವುದು ಹೇಡಿತನವಲ್ಲವೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾವೂ ಹೇಳಿಕೊಟ್ಟಿರಲಿಲ್ಲ.

ಎರಡನೆಯ ದೋಷ ಹೇಡಿತನ. ಇದು ಸಾಮಾನ್ಯವಾಗಿ ಸೌಕರ್ಯದ ಅಥವಾ ಜವಾಬ್ದಾರಿಯ ವೇಷದಲ್ಲಿ ಬರುವುದರಿಂದ ಗುರುತಿಸುವುದು ಕಷ್ಟ. ನಾವೇ ಮುಂದಾಳುವಾಗಿದ್ದ ಒಂದು ಯಾತ್ರೆಯಲ್ಲಿ ನಲವತ್ತು ಮಂದಿ ತಮಿಳುನಾಡಿಗೆ ಹೋಗಿಬಂದೆವು. ಅಡುಗೆಯವರು ನಮ್ಮವರು, ಅಕ್ಕಿ ನಮ್ಮದು, ಬಸ್ಸಿನಲ್ಲಿ ಹಾಡಿದ್ದು ನಮ್ಮ ಹಾಡು. ನಾಲ್ಕು ದಿನಗಳಲ್ಲಿ ಒಬ್ಬ ಅಪರಿಚಿತರೊಡನೆಯೂ ಹತ್ತು ಮಾತು ಆಡಲಿಲ್ಲ. ಪ್ರಾರ್ಥನೆ ವ್ಯರ್ಥವಾಯಿತೆಂದು ನಾವು ಹೇಳುತ್ತಿಲ್ಲ. ಆದರೆ ಪ್ರಯಾಣವೆಂದು ನೋಡಿದರೆ, ನಮ್ಮ ಬೀದಿಯನ್ನೇ ಚಕ್ರದ ಮೇಲಿಟ್ಟುಕೊಂಡು ಹೋಗಿಬಂದಂತಾಗಿತ್ತು.

ಇದಕ್ಕಿಂತ ದೊಡ್ಡ ತಪ್ಪೊಂದನ್ನು ಇಲ್ಲಿ ನಿವೇದಿಸಬೇಕಾಗಿದೆ. ನಮ್ಮ ಧರ್ಮಕೇಂದ್ರದ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿ ಕಾಲೇಜಿನ ಗೆಳತಿಯರೊಂದಿಗೆ, ಇಬ್ಬರು ಅಧ್ಯಾಪಕಿಯರ ಜೊತೆಯಲ್ಲಿ, ಪಾಂಡವಪುರದ ಕುಂತಿಬೆಟ್ಟವನ್ನು ನಸುಕಿನಲ್ಲಿ ಹತ್ತಿ ಸೂರ್ಯೋದಯ ನೋಡಬೇಕೆಂದು ಬಯಸಿದಳು. ತಂದೆಗೆ ಅಳುಕು. ನಮ್ಮ ಸಲಹೆ ಕೇಳಿದರು. "ಹೆಣ್ಣುಮಗು, ಕತ್ತಲಿನಲ್ಲಿ ಬೆಟ್ಟ ಏಕೆ?" ಎಂದುಬಿಟ್ಟೆವು. ಅವಳು ಮರುಮಾತಾಡದೆ ಸುಮ್ಮನಾದಳು. ಮೂರು ವರ್ಷಗಳ ಬಳಿಕ ಅದೇ ಮಗಳು ಐರ್ಲೆಂಡಿನ ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆ ಹೊರಟಾಗ ಅದೇ ತಂದೆ ಅದೇ ನಮ್ಮ ಬಳಿಗೆ ಬಂದರು. ನಾವು ನಡತೆಯ ಪ್ರಮಾಣಪತ್ರ ಬರೆದುಕೊಟ್ಟು, ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದೆವು. ಭಾಷೆ ಬೇರೆ, ಚಳಿ ಬೇರೆ, ಗುರುತಿನವರು ಒಬ್ಬರೂ ಇಲ್ಲದ ದೇಶಕ್ಕೆ ಒಬ್ಬಳೇ ಹೋಗುವುದರಲ್ಲಿ ಯಾವ ಅಪಾಯವೂ ಆ ದಿನ ನಮ್ಮ ಕಣ್ಣಿಗೆ ಬೀಳಲಿಲ್ಲ. ಸಂಬಳವಿರುವ ಸಾಹಸಕ್ಕೆ ಆಶೀರ್ವಾದ, ಸಂತೋಷಕ್ಕಾಗಿ ಮಾಡುವ ಸಾಹಸಕ್ಕೆ ನಿಷೇಧ! ನಮ್ಮ ಎಷ್ಟು ಮನೆಗಳಲ್ಲಿ ಇದೇ ನ್ಯಾಯ ನಡೆಯುತ್ತಿದೆ ಎಂಬುದನ್ನು ಓದುಗ ಬಾಂಧವರು ತಮ್ಮ ಮನಸ್ಸಿನಲ್ಲಿಯೇ ಕೇಳಿಕೊಳ್ಳಬೇಕು. ಕುಂತಿಬೆಟ್ಟದ ಬಂಡೆಯ ಮೇಲೆ ಹೆಜ್ಜೆಯಿಡುವುದನ್ನು ಕಲಿತಿದ್ದರೆ ಐರ್ಲೆಂಡಿನ ಮೊದಲ ತಿಂಗಳು ಅವಳಿಗೆ ತುಸು ಹಗುರವಾಗುತ್ತಿತ್ತೇನೋ!

ಇಲ್ಲಿ ನಮ್ಮ ಸೀಮೆಯವರೇ ಆಗಿಹೋದ ಒಬ್ಬ ಪ್ರಯಾಣಿಕರನ್ನು ಸ್ಮರಿಸುವುದು ಉಚಿತ. ಫ್ರಾನ್ಸಿನ ಗುರು ಅಬ್ಬೆ ದುಬುವಾ 1792ರಲ್ಲಿ ಭಾರತಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ, ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಒಟ್ಟುಗೂಡಿಸಲು ಇಲ್ಲಿಗೆ ಆಗಮಿಸಿದರು. ಗಂಜಾಂನಲ್ಲಿರುವ ಪುರಾತನ ದೇವಾಲಯ ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ. ಜನ ಅವರನ್ನು 'ದೊಡ್ಡ ಸ್ವಾಮಿಯವರು' ಎಂದು ಕರೆದರು. ಈ ನಾಡಿನ ಉಡುಪು ಧರಿಸಿ, ಮಾಂಸ ತ್ಯಜಿಸಿ, ಇಲ್ಲಿಯವರಂತೆ ಬಾಳಿ, 1823ರಲ್ಲಿ ಸ್ವದೇಶಕ್ಕೆ ಮರಳಿದರು. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ಗ್ರಂಥ ಜಗತ್ಪ್ರಸಿದ್ಧ. ಆದರೆ ಅದರಲ್ಲಿ ಬಹಳಷ್ಟು ಭಾಗ ಅವರಿಗಿಂತ ಹಿಂದಿನ ಜೆಸ್ವಿತ್ ಗುರು ಕೂರ್ದು ಅವರ ಬರಹದಿಂದ ಬಂದದ್ದೆಂದು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಅವರ ಅನೇಕ ಅಭಿಪ್ರಾಯಗಳನ್ನು ನಾವು ಇಂದು ಒಪ್ಪುವುದೂ ಇಲ್ಲ. ಆದರೆ ಸಿಡುಬು ಹಳ್ಳಿಹಳ್ಳಿಗಳನ್ನು ಬರಿದು ಮಾಡುತ್ತಿದ್ದ ಕಾಲದಲ್ಲಿ, 1803-04ರ ಅವಧಿಯಲ್ಲಿ, 25,000ಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸುವ ಕಾರ್ಯವನ್ನು ಅವರು ನಡೆಸಿದರೆಂದು ದಾಖಲೆ ಹೇಳುತ್ತದೆ. ಜನ ಹೆದರುತ್ತಿದ್ದ ಹೊಸ ಔಷಧವನ್ನು ನಂಬಿಸಬೇಕಾದರೆ ಬಾಗಿಲಿಗೆ ಹೋಗಬೇಕು, ಕುಳಿತು ಮಾತನಾಡಬೇಕು. ಎರವಲು ಪಡೆದ ಪುಟಗಳಿಗಿಂತ ತಮ್ಮ ಕಾಲಿನಿಂದ ನಡೆದ ಆ ದಾರಿಯೇ ಅವರ ನಿಜವಾದ ಸಾಹಸವೆಂದು ನಮಗೆ ತೋರುತ್ತದೆ.

ಹಾಗಾದರೆ ನಮ್ಮಂತಹ ಸಾಮಾನ್ಯರು ಎಲ್ಲಿಗೆ ಹೋಗಬೇಕು? ದೂರ ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿಯೇ ಎಲ್ಲ ಬಗೆಯ ಮನಸ್ಸಿಗೂ ಅವಕಾಶವುಂಟು. ಕಾಲಿನಲ್ಲಿ ಕಸುವಿರುವವರಿಗೆ ಕುಂತಿಬೆಟ್ಟವಿದೆ, ಮೇಲುಕೋಟೆಯ ಯೋಗನರಸಿಂಹನ ಬೆಟ್ಟದ ಮೆಟ್ಟಿಲುಗಳಿವೆ. ಸುಮ್ಮನೆ ಕೂರಲು ಬಾರದವರಿಗೆ ಸುಮ್ಮನೆ ಕೂರುವುದೇ ಸಾಹಸ. ಅಂತಹವರು ರಂಗನತಿಟ್ಟಿಗೆ ಹೋಗಿ ಒಂದು ಬೆಳಗ್ಗೆಯೆಲ್ಲ ಕೊಕ್ಕರೆಯ ಗೂಡುಗಳನ್ನು ನೋಡುತ್ತ ಕೂರಲಿ. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಆ ತಾಣ 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಓದುವ ಅಭ್ಯಾಸವುಳ್ಳವರಿಗೆ ಕೃಷ್ಣರಾಜಪೇಟೆಯ ಪಕ್ಕದ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇಗುಲವಿದೆ. ಹದಿಮೂರನೆಯ ಶತಮಾನದ ಆ ಗುಡಿಯ ತಳಪಟ್ಟಿಕೆಯಲ್ಲಿ ಆನೆ, ಕುದುರೆ, ಬಳ್ಳಿಗಳ ಮೇಲೆ ರಾಮಾಯಣ ಮಹಾಭಾರತಗಳ ಕಥೆಗಳು ಸಾಲಾಗಿ ಸಾಗುತ್ತವೆ. ಕಾರಿನಿಂದ ಇಳಿದು ಐದು ನಿಮಿಷದಲ್ಲಿ ಸುತ್ತಿ ಬರುವವರಿಗೆ ಅದು ಕಲ್ಲು. ಒಂದು ಗಂಟೆ ಕೊಟ್ಟು ನಿಧಾನವಾಗಿ ಸುತ್ತುವವರಿಗೆ ಅದು ಗ್ರಂಥ.

ಅನ್ಯಧರ್ಮೀಯರ ದೇಗುಲಕ್ಕೆ ನಾವು ಹೋಗಬಹುದೇ ಎಂದು ಕೆಲವರು ಶಂಕಿಸಬಹುದು. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ 'ನೋಸ್ತ್ರ ಏತಾತೆ' ಘೋಷಣೆಯು ಇತರ ಧರ್ಮಗಳಲ್ಲಿರುವ ಸತ್ಯವಾದುದನ್ನೂ ಪವಿತ್ರವಾದುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಸಾರಿದೆ. ನೆರೆಯವನ ಮನೆಗೆ ಅತಿಥಿಯಾಗಿ, ಚಪ್ಪಲಿ ಹೊರಗೆ ಬಿಟ್ಟು, ದನಿ ತಗ್ಗಿಸಿ ಹೋಗುವುದರಿಂದ ನಮ್ಮ ವಿಶ್ವಾಸಕ್ಕೆ ಕುಂದು ಬರುವುದಿಲ್ಲ. ನಮ್ಮಲ್ಲಿ ಅನೇಕರಿಗೆ ಇದೇ ಅತಿ ದೊಡ್ಡ ಗಡಿ. ಅದನ್ನು ದಾಟಲು ವಿಮಾನ ಬೇಕಾಗಿಲ್ಲ.

ನಮ್ಮ ಸ್ವಂತ ಗಡಿ ಎಲ್ಲಿದೆಯೆಂಬುದೂ ನಮಗೆ ತಡವಾಗಿ ತಿಳಿಯಿತು. ಒಮ್ಮೆ ನಿಲುವಂಗಿಯನ್ನು ಮನೆಯಲ್ಲಿಟ್ಟು, ಸಾಧಾರಣ ಅಂಗಿ ತೊಟ್ಟು, ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಗೆ ಬಸ್ಸಿನಲ್ಲಿ ಹೋದೆವು. ಗಂಗರ ಕಾಲದ ಪಂಚಕೂಟ ಬಸದಿ, ಎದುರಿಗೆ ಆ ಊರಿಗೆ ಹೆಸರು ತಂದ ಕಂಬ. ನೋಡುತ್ತ ನಿಂತು ಬಸ್ಸು ತಪ್ಪಿತು. ಪೆಟ್ಟಿಗೆ ಅಂಗಡಿಯ ಹಿರಿಯರೊಬ್ಬರು "ಯಾವೂರು? ಯಾರ ಪೈಕಿ?" ಎಂದು ವಿಚಾರಿಸಿದರು. ನಾವು ಗುರುಗಳೆಂದು ಹೇಳುವ ಮಾತು ನಾಲಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಕುರ್ಚಿ ಬರುತ್ತಿತ್ತು, ಮರ್ಯಾದೆ ಬರುತ್ತಿತ್ತು. ತಡೆದುಕೊಂಡು ಊರಿನ ಹೆಸರನ್ನಷ್ಟೇ ಹೇಳಿದೆವು. "ಹೊತ್ತಾಯ್ತು, ಉಣ್ಣಿ" ಎಂದು ಅವರ ಮನೆಯಾಕೆ ರಾಗಿಮುದ್ದೆ, ಉಪ್ಪುಸಾರು ಬಡಿಸಿದರು. ನೆಲದ ಮೇಲೆ ಕುಳಿತು ಉಂಡೆವು. ಆ ದಂಪತಿಗಳ ಮಗ ತನ್ನ ದ್ವಿಚಕ್ರ ವಾಹನದಲ್ಲಿ ಹೆದ್ದಾರಿಯವರೆಗೆ ಬಿಟ್ಟುಕೊಟ್ಟನು. ಮೂವತ್ತು ವರ್ಷಗಳಿಂದ ಕೊಡುವವರ ಸ್ಥಾನದಲ್ಲಿ ನಿಂತಿದ್ದ ನಮಗೆ, ಯಾರೂ ಅಲ್ಲದವರಾಗಿ ಅನ್ನ ಸ್ವೀಕರಿಸುವುದು ಬಹು ಕಷ್ಟವಾಯಿತು. ಹಿಮಾಲಯ ಹತ್ತಲು ನಮಗೆ ಶಕ್ತಿಯಿಲ್ಲ. ನಮ್ಮ ಅಳತೆಯ ಹಿಮಾಲಯ ಆ ನೆಲದ ಮೇಲಿನ ತಟ್ಟೆಯಾಗಿತ್ತು.

ಸಂತ ತೋಮಸ್ ಅಕ್ವಿನಾಸರು ಇಹಲೋಕದಲ್ಲಿರುವ ಮಾನವನನ್ನು ಪಥಿಕನೆಂದು ಕರೆದರು. ಪಥಿಕನ ಲಕ್ಷಣವೇ ತನ್ನಲ್ಲಿ ಎಲ್ಲವೂ ಇಲ್ಲವೆಂದು ಬಲ್ಲವನಾಗಿರುವುದು. ದಾರಿ ಕೇಳುವವನಿಗೆ, ನೀರು ಬೇಡುವವನಿಗೆ ಇದು ತಿಳಿಯುತ್ತದೆ. ಎಲ್ಲವನ್ನೂ ಮುಂಗಡವಾಗಿ ಕಾಯ್ದಿರಿಸಿ ಹೊರಟವನಿಗೆ ಇದನ್ನು ಅರಿಯುವ ಅವಕಾಶ ಕಡಿಮೆ.

ಕಿಕ್ಕೇರಿಯ ತಾಯಿಯ ವಿಚಾರ ಏನಾಯಿತೆಂದು ಓದುಗರು ಕೇಳಬಹುದು. ಮರುವಾರ ನಾವು ಅವರ ಮನೆಗೆ ಹೋಗಿ, ನಕ್ಕದ್ದಕ್ಕಾಗಿ ಕ್ಷಮೆ ಕೋರಿ, ಮಗನೊಡನೆ ಮಾತನಾಡಿದೆವು. ಅವರ ಅಂಜಿಕೆ ಪ್ರೀತಿಯಿಂದ ಹುಟ್ಟಿದ್ದು. ಅದನ್ನು ಹಗುರವಾಗಿ ಕಾಣಲಾಗದು. ಕೊನೆಗೆ ಒಂದು ಒಪ್ಪಂದವಾಯಿತು. ಬೆಳಗಿನ ಬಸ್ಸಿಗೆ ಹೊರಟು ಸಂಜೆಯೊಳಗೆ ಮರಳುವುದು, ಮಾತ್ರೆ ಮತ್ತು ಫೋನು ಚೀಲದಲ್ಲಿರುವುದು, ಮಗ ಎರಡು ಬಾರಿಗಿಂತ ಹೆಚ್ಚು ಕರೆ ಮಾಡದಿರುವುದು. ಟಿಕೆಟಿನ ಚಿಂತೆ ಇರಲಿಲ್ಲ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ನಮ್ಮ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತಿದೆ.

ಆಕೆ ಹೋಗಿ ಬಂದರು. ಕವಿ ಕೆ. ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ಊರದು. 1171ರಲ್ಲಿ ಕಟ್ಟಿದ ಬ್ರಹ್ಮೇಶ್ವರ ದೇಗುಲವೂ ಅಲ್ಲಿದೆ. ಆದರೆ ಆಕೆ ಇವುಗಳ ವಿಚಾರ ಹೇಳಲಿಲ್ಲ. ತಾನು ಓದಿದ ಶಾಲೆ ಗುರುತು ಸಿಗಲಿಲ್ಲವಂತೆ. ಕೆರೆ ಮಾತ್ರ ಇತ್ತಂತೆ. ಕೃಷ್ಣರಾಜಪೇಟೆಯಲ್ಲಿ ತಪ್ಪು ಬಸ್ಸು ಹತ್ತಿ, ಕಂಡಕ್ಟರು ಇಳಿಸಿ ಸರಿಯಾದ ಬಸ್ಸು ತೋರಿಸಿದರಂತೆ. ಈ ಸಂಗತಿಯನ್ನು ಮಗನಿಗೆ ತಿಳಿಸಬೇಡಿರೆಂದು ಕೇಳಿಕೊಂಡರು. ಅವರು ಈಗ ತಾವೇ ಹೇಳಿರುವುದರಿಂದ ಇಲ್ಲಿ ಬರೆದಿದ್ದೇವೆ. ಕಡೆಯಲ್ಲಿ ಹೇಳಿದ್ದು ಇಷ್ಟು: "ಕಿಟಕಿ ಪಕ್ಕ ಕೂತಿದ್ದೆ ಸ್ವಾಮಿ. ಹೋಗ್ತಾ ಬರ್ತಾ ಎರಡು ಸಲವೂ."

ಈ ರಜೆಯಲ್ಲಿ ನಮ್ಮ ಕುಟುಂಬಗಳಲ್ಲಿ ನಮ್ಮದೊಂದು ವಿನಂತಿ. ಪ್ರವಾಸದ ಯೋಜನೆ ಹಾಕುವ ಮುನ್ನ ಒಂದು ಸಂಜೆ ಎಲ್ಲರೂ ಒಟ್ಟಿಗೆ ಕುಳಿತು, ಮನೆಯ ಅಜ್ಜಿಯಿಂದ ಹಿಡಿದು ಕಿರಿಯ ಮಗುವಿನವರೆಗೆ ಪ್ರತಿಯೊಬ್ಬರನ್ನೂ ಕೇಳಿರಿ: ನಿನಗೆ ಎಲ್ಲಿಗೆ, ಹೇಗೆ ಹೋಗಬೇಕೆಂದು ಆಸೆಯಿದೆ? ಉತ್ತರ ಬಂದಾಗ ನಗಬೇಡಿರಿ. ಹೊರಡುವವರು ಎಲ್ಲಿಗೆ ಹೋಗುತ್ತೇವೆಂದು ಮನೆಯಲ್ಲಿ ತಿಳಿಸಿ ಹೋಗಲಿ. ಹೊಳೆಯ ದಡದಲ್ಲಿ ಸ್ಥಳೀಯರನ್ನು ಕೇಳದೆ ನೀರಿಗೆ ಇಳಿಯದಿರಲಿ. ಗೆಳೆಯರು ಕರೆದರೂ ಬೇಡವೆನ್ನುವ ಧೈರ್ಯವನ್ನು ನಮ್ಮ ಗಂಡುಮಕ್ಕಳಿಗೆ ಕಲಿಸೋಣ. ಬೇಕೆನ್ನುವ ಧೈರ್ಯವನ್ನು ನಮ್ಮ ಹೆಣ್ಣುಮಕ್ಕಳಿಗೆ ಬಿಟ್ಟುಕೊಡೋಣ. ಐರ್ಲೆಂಡಿನಲ್ಲಿರುವ ಆ ಮಗಳು ಡಿಸೆಂಬರಿನಲ್ಲಿ ರಜೆಗೆ ಬರುವವಳಿದ್ದಾಳೆ. ಕುಂತಿಬೆಟ್ಟ ಇನ್ನೂ ಅಲ್ಲಿಯೇ ಇದೆಯೆಂದು ಅವಳಿಗೆ ಪತ್ರ ಬರೆದಿದ್ದೇವೆ.